ಟಿವಿಗೆ ಬೆನ್ನು ಹಾಕಿ ಕೂತವನು

ಮಾದೇವಣ್ಣ ಟಿವಿಗೆ ಬೆನ್ನು ಹಾಕಿ ಕೂತು ಧಾರಾವಾಹಿ ನೋಡುತ್ತಿದ್ದ. ಭಾನುವಾರ ಬೆಳಿಗ್ಗೆ ಅವನ ಕ್ವಾರ್ಟರ್ಸಿನ ನಡುಮನೆಯಲ್ಲಿ ನಮ್ಮ ಸಾಲಿನವರೆಲ್ಲ ಒತ್ತೊತ್ತಾಗಿ ಕೂತಿರುತ್ತಿದ್ದರು. ಕಪ್ಪುಬಿಳುಪು ಪೆಟ್ಟಿಗೆಯೊಳಗೆ ಆಕಾಶನೌಕೆಯೊಂದು ಯಾವುದೋ ಗ್ರಹವನ್ನು ಸುತ್ತುತ್ತಿತ್ತು. ಇವನು ಮಾತ್ರ ಜನರ ಕಡೆ ಮುಖ ಮಾಡಿ, ಬೆನ್ನ ಹಿಂದೆ ಕೇಳುವ ಹಿಂದಿಯನ್ನು ಕನ್ನಡ ಮಾಡಿ ಹೇಳುತ್ತಿದ್ದ. ಚಿತ್ರ ನೋಡುವುದು ಬೇಡವೇ ಎಂದರೆ, "ನಿಮ್ಮ ಮುಖದಲ್ಲೇ ಕಾಣುತ್ತಲ್ಲ ಮಾರಾಯ, ಅಲ್ಲೇನು ನೋಡೋದು?" ಎನ್ನುತ್ತಿದ್ದ.

ತೊಂಬತ್ತರ ದಶಕದ ಆರಂಭದ ಮಾತಿದು. ಭದ್ರಾವತಿಯ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿ ನಮ್ಮಿಬ್ಬರದೂ ಒಂದೇ ಕೆಲಸ, ಎರಕಕ್ಕೆ ಬೇಕಾದ ಮರದ ಮಾದರಿ ಮಾಡುವುದು. ಕಾದ ಕಬ್ಬಿಣ ತಣಿದಾಗ ಕುಗ್ಗುತ್ತದೆ, ಆದ್ದರಿಂದ ಮಾದರಿಯನ್ನು ಬೇಕಾದ ಅಳತೆಗಿಂತ ಒಂದಿಷ್ಟು ದೊಡ್ಡದಾಗಿಯೇ ಮಾಡಬೇಕು. ಮಾದೇವಣ್ಣ ಈ ಲೆಕ್ಕವನ್ನು ಎಲ್ಲದಕ್ಕೂ ಹಚ್ಚುತ್ತಿದ್ದ. "ಆಸೆನೂ ಒಂಚೂರು ದೊಡ್ಡದಾಗೇ ಇಟ್ಕೋಬೇಕು ಸೀತಾರಾಮು. ಕೈಗೆ ಬರೋ ಹೊತ್ತಿಗೆ ಹೆಂಗೂ ಕುಗ್ಗಿರುತ್ತೆ." ಧಾರಾವಾಹಿ ಹೇಳುವಾಗಲೂ ಅದೇ ಲೆಕ್ಕ. ಅಲ್ಲಿ ಇಬ್ಬರು ಶತ್ರುಗಳಿದ್ದರೆ ಇವನ ಕನ್ನಡದಲ್ಲಿ ಇಪ್ಪತ್ತು ಮಂದಿ ಇರುತ್ತಿದ್ದರು.

ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಪ್ರಯೋಜನ? ನಮ್ಮ ಸಾಲಿಗೆ ಮೊದಲು ಕಲರ್ ಟಿವಿ ತಂದವನು ನಾನು. ಹಿಂದಿ ಪರೀಕ್ಷೆಗಳನ್ನು ಕಟ್ಟಿ, ಪಾಸು ಮಾಡಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದವನೂ ನಾನೇ. ಮಾದೇವಣ್ಣನದು ಗುತ್ತಿಗೆದಾರರ ಜೊತೆ ಮಾತಾಡಿ ಕಲಿತ ಅರೆಬರೆ ಹಿಂದಿ, ಓದಲಿಕ್ಕಂತೂ ಬಾರದು. ಆದರೂ ಜನ ಅವನ ಮನೆಗೇ ಹೋಗುತ್ತಿದ್ದರು. ನನ್ನ ಹೆಂಡತಿ ಶಾರದೆಯೂ ತಿಂಡಿ ಮುಚ್ಚಿಟ್ಟು ಹೊರಡುತ್ತಿದ್ದಳು. "ನಮ್ಮನೇಲಿ ಬಣ್ಣ ಇದೆ, ಕಥೆ ಅವ್ರ ಮನೇಲಿದೆ ಕಣ್ರೀ" ಎಂದು ಒಮ್ಮೆ ಹೇಳಿದಳು. ಆ ವಾರ ಪೂರ್ತಿ ನಾನು ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಾನೂ ಹೋಗತೊಡಗಿದೆ. ಒಳಗೆ ಕೂರುತ್ತಿರಲಿಲ್ಲ, ಕಿಟಕಿಯ ಹೊರಗೆ ನಿಂತು ಅವನ ತಪ್ಪುಗಳನ್ನು ಎಣಿಸುತ್ತಿದ್ದೆ.

ಒಂದು ಭಾನುವಾರ ನೌಕೆಯ ಕ್ಯಾಪ್ಟನ್ ಹುಡುಗಿ ಸತ್ತಳು. ಅವಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಮುಂದಿನ ಸಾಲಿನಲ್ಲಿ ಪೊನ್ನಮ್ಮ ಕೂತಿದ್ದಳು. ಫೌಂಡ್ರಿಯ ತಮಿಳರ ಪೈಕಿ ವಯಸ್ಸಾದ ಹೆಂಗಸು. ಹಿಂದಿನ ವರ್ಷ ಅವಳ ಮಗಳು ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕ್ಯಾಪ್ಟನ್ನಿಗೆ ಮಗಳದೇ ಮುಖ ಎಂದು ಆಕೆ ಒಂದು ವಾರವೂ ತಪ್ಪಿಸುತ್ತಿರಲಿಲ್ಲ.

"ಅಯ್ಯೋ ಮಾದೇವಪ್ಪಾ, ಆ ಪೊಣ್ಣು ಸತ್ತೋಯ್ತಾ?"

ಮಾದೇವಣ್ಣ ಅವಳ ಮುಖವನ್ನೇ ನೋಡಿದ. "ಇಲ್ಲಮ್ಮ, ನಿದ್ದೆ ಬರಿಸಿದಾರೆ. ದೂರದ ಪ್ರಯಾಣ ಅಲ್ವಾ? ಇನ್ನು ನಾಕು ವಾರಕ್ಕೆ ಎದ್ದು ಬರ್ತಾಳೆ."

ಸತ್ತಳು ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ನಾಲ್ಕು ವಾರ ಕಳೆದರೂ ಹುಡುಗಿ ಏಳಲಿಲ್ಲ. ಜನ ಚಡಪಡಿಸಿದರು. ಪ್ರೇಕ್ಷಕರ ಪತ್ರ ಓದುವ ಕಾರ್ಯಕ್ರಮವೊಂದು ಟಿವಿಯಲ್ಲೇ ಬರುತ್ತಿತ್ತು. ಅದಕ್ಕೆ ಬರೆದು ಅವಳನ್ನು ಎಬ್ಬಿಸಲು ಹೇಳೋಣ ಎಂದು ಎಲ್ಲರೂ ಕಾರ್ಡು ತಂದರು. ಹಿಂದಿಯಲ್ಲಿ ಬರೆಯಬಲ್ಲವನು ಸಾಲಿನಲ್ಲಿ ನಾನೊಬ್ಬನೇ. ಮೊದಲ ಸಲ ಜನ ನನ್ನ ಮನೆ ಬಾಗಿಲಿಗೆ ಬಂದರು, ಅದೂ ಮಾದೇವಣ್ಣನ ಕಥೆ ಉಳಿಸಲಿಕ್ಕೆ! ಪೊನ್ನಮ್ಮ ಅರ್ಧ ಗಂಟೆ ಹೇಳಿದಳು, ಅತ್ತಳು, ಹೆಬ್ಬೆಟ್ಟು ಒತ್ತಿದಳು. ನಾನು ಅವಳ ಕಾರ್ಡಿನಲ್ಲೂ ಉಳಿದ ನಲವತ್ತೊಂದು ಕಾರ್ಡುಗಳಲ್ಲೂ ಬರೆದದ್ದು ಎರಡೇ ಸಾಲು: 'ಈ ಧಾರಾವಾಹಿ ಬೇಸರ ತರಿಸಿದೆ. ದಯವಿಟ್ಟು ನಿಲ್ಲಿಸಿ.' ಪೋಸ್ಟಿಗೆ ತಾನೇ ಹಾಕುತ್ತೇನೆಂದು ಮಾದೇವಣ್ಣ ಕಟ್ಟನ್ನು ತೆಗೆದುಕೊಂಡು ಹೋದ.

ತಿಂಗಳೊಳಗೆ ಧಾರಾವಾಹಿ ನಿಂತಿತು. ಪ್ರೇಕ್ಷಕರ ಅಭಿಪ್ರಾಯಕ್ಕೆ ಮನ್ನಣೆ ಕೊಟ್ಟು ಮುಗಿಸುತ್ತಿದ್ದೇವೆ ಎಂದು ನಿರೂಪಕಿ ನಗುನಗುತ್ತ ಹೇಳಿದಳು. ನನ್ನ ಎದೆ ಧಸಕ್ಕೆಂದಿತು, ಜೊತೆಗೇ ಉಬ್ಬಿತು ಕೂಡ.

ಮುಂದಿನ ಭಾನುವಾರ ಅವನ ಮನೆ ಖಾಲಿಯಿರುತ್ತದೆ ಎಂದು ನೋಡಲು ಹೋದರೆ ಕಿಟಕಿಯ ಬಳಿಯೂ ನಿಲ್ಲಲು ಜಾಗವಿಲ್ಲ. ಟಿವಿ ಆಫ್ ಆಗಿತ್ತು. ಮಾದೇವಣ್ಣ ಎಂದಿನಂತೆ ಅದಕ್ಕೆ ಬೆನ್ನು ಹಾಕಿ ಕೂತು ಕಥೆ ಮುಂದುವರಿಸುತ್ತಿದ್ದ. ಮೂರನೇ ವಾರ ಗಾಜಿನ ಪೆಟ್ಟಿಗೆ ತೆರೆಯಿತು, ಹುಡುಗಿ ಎದ್ದಳು, ಕುಡಿಯಲು ನೀರು ಕೇಳಿದಳು. ಪೊನ್ನಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನನ್ನ ಹೆಂಡತಿ ಚಪ್ಪಾಳೆ ತಟ್ಟಿದಳು. ನಿಂತುಹೋದದ್ದನ್ನೂ ನಡೆಸುವವನ ಮೇಲೆ ಹೇಗೆ ಗೆಲ್ಲುವುದು?

ನಿವೃತ್ತಿಯಾದ ಮೇಲೆ ಅವನು ಶಿವಮೊಗ್ಗದ ನವುಲೆಯಲ್ಲಿ ಮಗಳ ಮನೆ ಸೇರಿದ. ಹುಷಾರಿಲ್ಲ ಎಂದು ತಿಳಿದು ಒಂದು ದಿನ ಬಸ್ಸು ಹತ್ತಿದೆ. ಹತ್ತು ಹನ್ನೆರಡು ವರ್ಷ ಒಳಗಿಟ್ಟುಕೊಂಡದ್ದನ್ನು ಅವನ ಮಂಚದ ಪಕ್ಕ ಕೂತು ಹೇಳಿಬಿಟ್ಟೆ. "ಮಾದೇವಣ್ಣ, ಆ ಧಾರಾವಾಹಿ ನಿಲ್ಲಿಸಿದ್ದು ನಾನು."

ಅವನು ಕೆಮ್ಮುತ್ತ ನಕ್ಕ. "ಗೊತ್ತು ಬಿಡು. ಎಲ್ಲಾ ಕಾರ್ಡಲ್ಲೂ ಅವೇ ಎರಡು ಸಾಲು. ಪೊನ್ನಮ್ಮ ಅಷ್ಟು ಹೊತ್ತು ಅತ್ತಿದ್ದೆಲ್ಲ ಎಲ್ಲಿ ಹೋಯ್ತು ಅಂತ ರೈಲ್ವೆ ಸ್ಟೇಷನ್ ಮಾಸ್ಟ್ರ ಹತ್ರ ಓದಿಸ್ದೆ. ಬಂದು ಒಲೆಗೆ ಹಾಕ್ದೆ."

"ಒಲೆಗಾ? ಪೋಸ್ಟ್ ಮಾಡ್ಲಿಲ್ವಾ?"

"ಇಲ್ಲ. ಆ ಹುಡುಗಿ ಸತ್ಮೇಲೆ ದೇಶದಲ್ಲಿ ಯಾರಿಗೂ ಬೇಡವಾಗಿತ್ತೇನೋ, ನಿಲ್ಲಿಸಿದ್ರು. ಎಲ್ರೂ ಅವಳಿಗೋಸ್ಕರ ತಾನೇ ಕೂತಿದ್ದು?"

"ಮತ್ತೆ ನನ್ನನ್ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಕಿಟಕಿ ಹತ್ರ ಬರೋದು ಬಿಡ್ತಿದ್ದೆ ಮಾರಾಯ."

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದಿಲ್ಲಿಯ ಧಾರಾವಾಹಿಯೊಂದನ್ನು ಭದ್ರಾವತಿಯಲ್ಲಿ ಕೂತು ನಿಲ್ಲಿಸಿದವನು ನಾನೆಂದು ಅಷ್ಟು ವರ್ಷ ಪಶ್ಚಾತ್ತಾಪದ ಜೊತೆಗೇ ಒಳಗೊಳಗೆ ಬೀಗಿದ್ದೆ. ನನ್ನದೆಂದು ಇದ್ದ ಆ ಒಂದು ಪಾಪವನ್ನೂ ಅವನು ಒಲೆಗೆ ಹಾಕಿದ್ದ.

ಮುಂದಿನ ತಿಂಗಳು ಮಾದೇವಣ್ಣ ಹೋದ. ಮಣ್ಣಿಗೆ ನಮ್ಮ ಸಾಲಿನವರೆಲ್ಲ ಬಂದಿದ್ದರು, ನಡೆಯಲಾರದ ಪೊನ್ನಮ್ಮನನ್ನು ಮೊಮ್ಮಗ ಎತ್ತಿಕೊಂಡು ತಂದಿದ್ದ. ಬಿಕ್ಕಿ ಬಿಕ್ಕಿ ಅಳುತ್ತಲೇ ನಾನು ತಲೆ ಎಣಿಸಿದೆ. ನನ್ನ ಮಣ್ಣಿಗೆ ಇದರ ಕಾಲು ಭಾಗವೂ ಬರುವುದಿಲ್ಲ.