ಅಧ್ಯಕ್ಷರ ಹೆಸರು

ಲೊಂಬಾರ್ಡ್ ಊರಿನ ಲೈಬ್ರರಿಯಲ್ಲಿ ಭಾನುವಾರ ನಡೆಯುವ ನಮ್ಮ ಕನ್ನಡ ತರಗತಿಗೆ ದೂರದ ಟೆನೆಸ್ಸಿ ರಾಜ್ಯದ ಸರ್ಕಾರಿ ಕಚೇರಿಯ ಕಾಗದ ಯಾಕೆ ಬೇಕು ಅನ್ನುವುದು ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ. ತರಗತಿ ಶುರುಮಾಡಿದ ಅಂಕಲ್ ಅಲ್ಲಿದ್ದಾಗ ಅದನ್ನು ನಡೆಸುವ ಸಂಸ್ಥೆಯನ್ನು ನೋಂದಾಯಿಸಿದ್ದರಂತೆ. ಕೆಲಸ ಬದಲಾಗಿ ಇಲ್ಲಿಗೆ ಬಂದಾಗ ಮನೆ ಸಾಮಾನೆಲ್ಲ ಬಂತು, ನೋಂದಣಿ ಅಲ್ಲೇ ಉಳಿಯಿತು. ದಾಖಲೆಯಲ್ಲಿ ಇದ್ದವರು ಇಬ್ಬರೇ: ಅಂಕಲ್ ಅಧ್ಯಕ್ಷರು, ಅವರ ಹೆಂಡತಿ ಆಂಟಿ ಕಾರ್ಯದರ್ಶಿ. ವರ್ಷಕ್ಕೊಮ್ಮೆ ಆನ್‌ಲೈನ್ ಫಾರ್ಮ್ ತುಂಬುವ ಗುಮಾಸ್ತಗಿರಿ ನನ್ನದು.

ಅಂಕಲ್ ತೀರಿಕೊಂಡು ಮೂರು ವರ್ಷವಾಗಿತ್ತು. ಮೂರು ವರ್ಷವೂ ಅಧ್ಯಕ್ಷರ ಜಾಗದಲ್ಲಿ ಅವರ ಹೆಸರನ್ನೇ ಬಿಟ್ಟಿದ್ದೆ. ಮೊದಲ ಸಲ ಅಳಿಸಲು ಹೊರಟಾಗ ನನ್ನ ಗಂಡ, "ಛೆ ಛೆ, ಆಂಟಿ ನೋಡಿದ್ರೆ ಎಷ್ಟು ನೊಂದ್ಕೋತಾರೆ! ಇರ್ಲಿ ಬಿಡೇ," ಅಂದಿದ್ದರು. ಅದು ಗೌರವವೋ ಸುಳ್ಳೋ, ನನಗೆ ತಿಳಿಯಲಿಲ್ಲ.

ಈ ವರ್ಷ ಲೈಬ್ರರಿಯವರು ನೋಂದಣಿಯ ಹೊಸ ಪ್ರಮಾಣಪತ್ರ ಕೇಳಿದರು. ಶುಕ್ರವಾರದೊಳಗೆ ಕೊಡದಿದ್ದರೆ ಕೋಣೆ ಬೇರೆಯವರಿಗೆ. ನನಗೆ ಹೆದರಿಕೆಯಾದದ್ದು ಆಂಟಿಯನ್ನು ನೆನೆದು. ಪಾಠ ಹೇಳುವವರು ಅವರೇ. ದೂರದ ಸ್ಟರ್ಲಿಂಗ್ ಹೈಟ್ಸಿನಲ್ಲಿರುವ ಅವರ ಮಗಳು ವಾರವಾರವೂ, "ಇಲ್ಲಿಗೇ ಬಂದ್ಬಿಡಮ್ಮ" ಅನ್ನುತ್ತಿದ್ದಳು. "ಭಾನುವಾರ ಮಕ್ಕಳು ಕಾಯ್ತಿರ್ತಾರೆ ಕಣೇ" ಅನ್ನುವುದೊಂದೇ ಆಂಟಿಯ ಬಳಿ ಇದ್ದ ಉತ್ತರ.

ಟೆನೆಸ್ಸಿಗೆ ಫೋನ್ ಮಾಡಿದೆ. ಅಧ್ಯಕ್ಷರು ಸಹಿ ಮಾಡಬೇಕು ಅಂದಳು ಅಲ್ಲಿಯ ಹೆಂಗಸು.

"ಅವರಿಗೆ ಆಗಲ್ಲ," ಅಂದೆ.

"ಪರವಾಗಿಲ್ಲ ಡಿಯರ್, ನಾಳೆ ಮಾಡಲಿ."

ನಾನು ಬೆಬ್ಬೆಬ್ಬೆ ಅಂದೆ. ಕೊನೆಗೆ ನಿಜ ಹೇಳಿದೆ. ಪಾಪ, ಬೈಯಲಿಲ್ಲ. ಹಾಗಾದರೆ ಕಾರ್ಯದರ್ಶಿಯೇ ಫೋನಿನಲ್ಲಿ ಹೇಳಿ ಆ ಹೆಸರು ತೆಗೆಸಬೇಕು ಅಂದಳು.

ಹಾಫ್‌ಮನ್ ಎಸ್ಟೇಟ್ಸಿನಲ್ಲಿರುವ ಆಂಟಿ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. "ಮೂರು ವರ್ಷವೇನೇ? ಇಷ್ಟು ಓದಿದೀಯ, ತಲೇಲಿ ಏನಿದೆ ನಿಂಗೆ?" ಅಂದರು. ಆಮೇಲೆ ತಾವೇ ಎದ್ದು ಹೋಗಿ ಒಂದು ಕಟ್ಟು ಲಕೋಟೆ ತಂದು ಮುಂದಿಟ್ಟರು. ಎಲ್ಲ ಆ ಕಚೇರಿಯವೇ. ಒಂದನ್ನೂ ಒಡೆದಿರಲಿಲ್ಲ.

"ಇವರ ಹೆಸರಿಗೆ ಬಂದಿದ್ದು. ನಾನು ಹೇಗೆ ಒಡೀಲಿ?"

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಅಲ್ಲೇ ಫೋನನ್ನು ಸ್ಪೀಕರಿಗೆ ಹಾಕಿದೆ.

"ಯಾರ ಹೆಸರು ತೆಗೆಯಬೇಕು ಮೇಡಂ?"

"ಮೈ ಹಸ್ಬೆಂಡ್."

"ಪೂರ್ತಿ ಹೆಸರು ಹೇಳಿ."

ಆಂಟಿ ನನ್ನ ಮುಖ ನೋಡಿದರು. ನನಗೆ ತಿಳಿದಷ್ಟು ಕಾಲವೂ "ಇವರು", "ನಮ್ಮನೆಯವರು", ಅಷ್ಟೇ. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. "ನಾನು ಹೇಳಲಾ?" ಎಂದು ಫೋನಿಗೆ ಬಾಗಿದೆ. ಬೇಡ, ದಾಖಲೆಯಲ್ಲಿ ಇರುವವರೇ ಹೇಳಬೇಕು ಅಂತು ಆ ಕಡೆಯ ದನಿ.

ಆಂಟಿ ಲಕೋಟೆಗಳ ಮೇಲೆ ಅಂಗೈ ಇಟ್ಟರು. ಇನಿಷಿಯಲ್ ಸಮೇತ ಹೆಸರು ಹೇಳಿದರು. ಮೆತ್ತಗೆ. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಅಂದಳು ಅವಳು. ಈ ಸಲ ಗಟ್ಟಿಯಾಗಿ ಹೇಳಿದರು, ಮಹಡಿಯ ಮೇಲಿದ್ದವರನ್ನು ಊಟಕ್ಕೆ ಕೂಗಿದ ಹಾಗೆ.

ಹೊಸ ಅಧ್ಯಕ್ಷರ ಜಾಗಕ್ಕೆ ಆಂಟಿಯ ಹೆಸರು ಹೋಯಿತು. ಪ್ರಮಾಣಪತ್ರ ಗುರುವಾರವೇ ಬರುತ್ತದಂತೆ. ನಾನು ಫೋನ್ ಇಟ್ಟರೂ ಆಂಟಿ ಮೆಟ್ಟಿಲ ಕಡೆಯೇ ನೋಡುತ್ತಿದ್ದರು.

"ಇವರಿಗೆ ಕೇಳಿಸಿತೇನೇ?" ಅಂದರು.