ಓರೆ ಗೀಟು

ಆ ಪ್ರೊಜೆಕ್ಟರು ಶಾಲೆಗೆ ಬಂದದ್ದು ದೋಣಿಯಲ್ಲಿ, ಹೊಸ ಮದುಮಗಳ ಹಾಗೆ. ತೊಂಬತ್ತೆಂಟರ ಜೂನ್ ತಿಂಗಳು, ಬಿಡದ ಮಳೆ. ಹೆಡ್‌ಮಾಸ್ಟರು ತಮ್ಮ ಕೊಡೆಯನ್ನು ಪೆಟ್ಟಿಗೆಗೆ ಹಿಡಿದು ತಾವು ತೊಯ್ದು ತೊಪ್ಪೆಯಾಗಿ ಕೂತಿದ್ದರು. ಕಡವಿನಲ್ಲಿ ಕಾದಿದ್ದ ಏಳನೇ ಕ್ಲಾಸಿನ ಮಕ್ಕಳು ಅದನ್ನು ಇಳಿಸಿಕೊಳ್ಳಲು ನಾ ಮುಂದು ತಾ ಮುಂದು ಎಂದು ನುಗ್ಗಿದರು. ಗಣಿತದ ಏಲಿಕುಟ್ಟಿ ಟೀಚರ್ ಒಬ್ಬಳೇ ದೂರ ನಿಂತಿದ್ದಳು. ಅದು ಯಾರ ತಲೆಗೆ ಬರುತ್ತದೆಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಬಂದದ್ದು ಅವಳ ತಲೆಗೇ. ಮಿಕ್ಕ ಟೀಚರುಗಳೆಲ್ಲ ಅದನ್ನು ಮುಟ್ಟಿದರೆ ಶಾಕ್ ಹೊಡೆದೀತು ಎನ್ನುವವರು. "ಲೆಕ್ಕ ನಿಮ್ದು, ಹಾಗಾಗಿ ಕರೆಂಟೂ ನಿಮ್ದೇ," ಎಂದು ಹೆಡ್‌ಮಾಸ್ಟರು ಕೈತೊಳೆದುಕೊಂಡರು. ಪೆಟ್ಟಿಗೆಯ ಜೊತೆ ಒಂದು ಕಾಗದವೂ ಬಂದಿತ್ತು. ಆರು ತಿಂಗಳೊಳಗೆ ಅಧಿಕಾರಿಯೊಬ್ಬರು ಬಂದು ಒಂದು ಪಾಠ ನೋಡುತ್ತಾರೆ. ಯಂತ್ರದಿಂದ ಮಕ್ಕಳಿಗೆ ಉಪಯೋಗವಾಗಿಲ್ಲ ಎನಿಸಿದರೆ ಅದನ್ನು ಪಟ್ಟಣದ ಶಾಲೆಗೆ ಒಯ್ಯುತ್ತಾರೆ. ಪಟ್ಟಣದ ಶಾಲೆಯಲ್ಲಿ ಅಂಥವು ಆಗಲೇ ಎರಡಿದ್ದವು. ಇದ್ದವರ ಮನೆಗೇ ಇನ್ನಷ್ಟು ಹೋಗುವುದು ಲೋಕದ ಹಳೇ ಚಾಳಿ.

ಈಗಿನ ಮಕ್ಕಳ ಮುಂದೆ ಆ ಯಂತ್ರವನ್ನು ಬಣ್ಣಿಸಿದರೆ ನಗುತ್ತಾರೆ. ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ, ಒಳಗೊಂದು ದೀಪ, ಮೇಲೊಂದು ಬಗ್ಗಿದ ಕತ್ತು. ಪಾರದರ್ಶಕ ಹಾಳೆಯ ಮೇಲೆ ಏನಾದರೂ ಬರೆದು ಗಾಜಿನ ಮೇಲಿಟ್ಟರೆ ಅದು ಎದುರಿನ ಗೋಡೆಯ ಮೇಲೆ ಆಳೆತ್ತರ ನಿಲ್ಲುತ್ತಿತ್ತು. ಅಷ್ಟೇ. ತರಗತಿಯ ಕಿಟಕಿಗಳಿಗೆ ಬಾಗಿಲಿರಲಿಲ್ಲ. ಕತ್ತಲೆ ಮಾಡಲು ಮಕ್ಕಳು ತಮ್ಮ ಕಪ್ಪು ಕೊಡೆಗಳನ್ನು ಬಿಚ್ಚಿ ಕಂಬಿಗಳಿಗೆ ಸಿಕ್ಕಿಸಿದರು. ಮೊದಲ ದಿನ ಏಲಿಕುಟ್ಟಿ ಹಾಳೆಯ ಮೇಲೆ ಸುಮ್ಮನೆ ಒಂದು ಸೊನ್ನೆ ಬರೆದಿಟ್ಟಳು. ಗೋಡೆಯ ತುಂಬ ಸೊನ್ನೆ. ಮೂವತ್ತೊಂದು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ಹದಿನಾರು ವರ್ಷದಿಂದ ಪಾಠ ಮಾಡುತ್ತಿದ್ದರೂ ಒಂದು ಸೊನ್ನೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ಅವಳು ಕಂಡಿರಲಿಲ್ಲ. ಈ ಪೆಟ್ಟಿಗೆಯನ್ನು ಯಾರಿಗೂ ಬಿಟ್ಟುಕೊಡಲಾರೆ ಎಂದು ಅವಳಿಗೆ ಅನಿಸಿದ್ದು ಆವತ್ತೇ.

ಅಕ್ಟೋಬರಿನಲ್ಲಿ ಪೂರ್ಣಾಂಕದ ಪಾಠ ಬಂತು. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು, ಮೈನಸ್ ಒಂದು, ಮೈನಸ್ ಎರಡು. ಪುಸ್ತಕದಲ್ಲಿ ಹಿಮ ಬೀಳುವ ಊರಿನ ಚಳಿಯ ಉದಾಹರಣೆ ಇತ್ತು. ಕುಟ್ಟನಾಡಿನ ಈ ಮಕ್ಕಳು ಹಿಮ ಕಂಡದ್ದು ಮೀನಿನ ಬುಟ್ಟಿಯ ಮಂಜುಗಡ್ಡೆಯಲ್ಲಿ ಮಾತ್ರ. ಸರಿ, ಸಂಖ್ಯಾರೇಖೆ ಎಂದು ಗೋಡೆಯ ಮೇಲೆ ಅಡ್ಡಗೆರೆ ಮೂಡಿಸಿ, ಬಲಕ್ಕೆ ಹೋದಷ್ಟೂ ಹೆಚ್ಚು, ಎಡಕ್ಕೆ ಹೋದಷ್ಟೂ ಕಡಿಮೆ ಎಂದಳು. ಮುಂದಿನ ಬೆಂಚಿನ ಜಿಷ ಎದ್ದು ನಿಂತಳು. ಮೀನು ಹಿಡಿಯುವವನ ಮಗಳು, ಬಾಯಿ ಜೋರು.

"ಟೀಚರೇ, ಎಡಕ್ಕೆ ಇಗರ್ಜಿ ಇದೆ, ಬಲಕ್ಕೆ ಶೇಂದಿ ಅಂಗಡಿ. ಬಲಕ್ಕೆ ಹೋದ್ರೆ ಹೆಚ್ಚಾಗೋದು ಏನು?"

ತರಗತಿ ಗೊಳ್ಳೆಂದಿತು. ಏಲಿಕುಟ್ಟಿಗೂ ನಗು ತಡೆಯಲಾಗಲಿಲ್ಲ. ಆ ಸಂಜೆ ಅವಳು ಮನೆಗೆ ಹೋಗದೆ ಅಪ್ಪನ ಪಂಪ್‌ಶೆಡ್ಡಿಗೆ ನಡೆದಳು.

ಆ ಊರಿನಲ್ಲಿ ನೀರು ಮೇಲೆ, ನೆಲ ಕೆಳಗೆ, ಮನುಷ್ಯರು ನಡುವಿನ ಕಟ್ಟೆಯ ಮೇಲೆ. ಮಳೆಗಾಲ ಮುಗಿಯುವ ಹೊತ್ತಿಗೆ ಗದ್ದೆಯೂ ಕಾಯಲೆಂಬ ಹೊರಗಿನ ಹಿನ್ನೀರೂ ಒಂದೇ ಆಗಿರುತ್ತದೆ. ಆಮೇಲೆ ಹಗಲೂ ರಾತ್ರಿ ಪಂಪು ಓಡಿಸಿ, ಗದ್ದೆಯ ನೀರನ್ನು ಎತ್ತಿ ಕಾಯಲಿಗೆ ಹಾಕಬೇಕು. ಅವಳ ಅಪ್ಪ ಔಸೇಪ್ ಮೂವತ್ತು ವರ್ಷದಿಂದ ಆ ಪಂಪಿನ ಡ್ರೈವರು. ಅಕ್ಷರ ಬಾರದ ಮನುಷ್ಯ. ಮೋಟಾರಿನ ಚಕ್ರಕ್ಕೂ ಪಂಪಿನ ಚಕ್ರಕ್ಕೂ ನಡುವೆ ಓಡುವ ಚರ್ಮದ ಬೆಲ್ಟು ಅವನ ಕೈಯಲ್ಲಿ ಒಮ್ಮೆಯೂ ಕಳಚಿದ್ದಿಲ್ಲ. ಬೇರೆ ಪಾಡಗಳ, ಎಂದರೆ ಗದ್ದೆಬಯಲುಗಳ, ಡ್ರೈವರುಗಳು ತಮ್ಮ ಬೆಲ್ಟು ಬಿಗಿಸಲು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ಅದೊಂದೇ ಅವನ ಜಂಬ, ಮತ್ತು ಅದು ಸಣ್ಣ ಜಂಬವಾಗಿರಲಿಲ್ಲ.

ಅವನ ಲೆಕ್ಕಪುಸ್ತಕವೆಂದರೆ ಒಂದು ಬಿದಿರಿನ ಸೀಳು. ಪ್ರತಿವರ್ಷ ಹೊಸದು ಸೀಳಿ, ಕೆಂಪು ಗೆರೆ ಬಳಿದು, ಪಂಪಿನ ಬಾಯಿಯ ತೋಡಿನಲ್ಲಿ ನೆಡುತ್ತಿದ್ದ. ಕೆಂಪು ಗೆರೆ ಎಂದರೆ ಹೊರಗಿನ ಕಾಯಲಿನ ಮಟ್ಟ. ಒಳಗಿನ ನೀರು ಇಳಿದಂತೆ ಪ್ರತಿ ಸಂಜೆ ಅದರ ಕೆಳಗೊಂದು ನೇರ ಗೀಟು. ಎರಡು ಗೇಣು ಕೆಳಗೆ, ಮೂರು ಗೇಣು ಕೆಳಗೆ. ಏಳು ಗೇಣು ಇಳಿದರೆ ನೆಲ ಕಾಣುತ್ತದೆ, ಬಿತ್ತನೆ ಶುರು. ಎಣ್ಣೆ ಹಾಕಲೋ ಮತ್ತೊಂದಕ್ಕೋ ತಾನೇ ಪಂಪು ನಿಲ್ಲಿಸುವುದಿದ್ದರೆ, ಸ್ವಿಚ್ಚು ಮುಟ್ಟುವ ಮೊದಲು ಒಂದು ಓರೆ ಗೀಟು ಹಾಕುತ್ತಿದ್ದ. ನಿಂತಾಗ ಎಷ್ಟು ನೀರು ತಿರುಗಿ ಬಂತೆಂದು ತಿಳಿಯಬೇಕಲ್ಲ. ಪಂಪು ತಾನಾಗಿ ಕೆಟ್ಟು ನಿಂತರೆ ಓರೆ ಗೀಟಿಲ್ಲ, ಬೈಗುಳ ಮಾತ್ರ. ಚಿಕ್ಕವಳಿದ್ದಾಗ ಏಲಿಕುಟ್ಟಿ ಮರಗೆಣಸು, ಮತ್ತಿಮೀನಿನ ಸಾರು ಹೊತ್ತು ತಂದಾಗ ಔಸೇಪ್ ಒಮ್ಮೊಮ್ಮೆ ಚಾಕುವನ್ನು ಅವಳ ಕೈಗೆ ಕೊಟ್ಟು ಸಂಜೆಯ ಗೀಟು ಹಾಕಿಸುತ್ತಿದ್ದ. ಅವಳು ಬರೆಯಲು ಕಲಿತದ್ದು ಅಲ್ಲೇ ಎಂದರೂ ತಪ್ಪಿಲ್ಲ.

ಮರುದಿನ ಗೋಡೆಯ ಮೇಲೆ ಔಸೇಪನ ಕೋಲು ನಿಂತಿತು. ಒಂದು ಹಾಳೆಯಲ್ಲಿ ಕಟ್ಟೆ ಮತ್ತು ಕೆಂಪು ಗೆರೆ, ಅದೇ ಸೊನ್ನೆ. ಅದರ ಮೇಲೆ ನೀಲಿ ಶಾಯಿ ತುಂಬಿದ ಇನ್ನೊಂದು ಹಾಳೆ. ಅದನ್ನು ಕೆಳಕ್ಕೆ ಎಳೆದರೆ ನೀರು ಇಳಿಯುತ್ತಿತ್ತು: ಮೈನಸ್ ಮೂರು, ಇನ್ನೆರಡು ಇಳಿದರೆ ಮೈನಸ್ ಐದು. ಕೂಡುವುದು, ಕಳೆಯುವುದು ನೀರು ಕುಡಿದಷ್ಟು ಸುಲಭವಾಯಿತು. ಆಗ ಅವಳು, ಮೈನಸ್ ಎರಡು ದೊಡ್ಡದೋ ಮೈನಸ್ ಏಳು ದೊಡ್ಡದೋ ಎಂದು ಕೇಳಿದಳು. ಮೂವತ್ತೊಂದು ಮಕ್ಕಳೂ ಒಂದೇ ಬಾಯಲ್ಲಿ ಏಳು ಎಂದರು.

"ಎರಡಕ್ಕೆ ಏನು ಬರ್ತದೆ ಟೀಚರೇ, ಕಪ್ಪೆ," ಎಂದಳು ಜಿಷ. "ಏಳಕ್ಕೆ ಬಿತ್ತನೆ ಬರ್ತದೆ."

ದೊಡ್ಡದು ಮೈನಸ್ ಎರಡೇ; ಬೇರೆ ಊರಿನ ಮಕ್ಕಳು ಕೂಡ ಇಲ್ಲಿ ಎಡವುತ್ತಾರೆ. ಆದರೆ ಅವರದು ಬರೀ ತಪ್ಪು. ಇವರಿಗೆ ಅದು ಹಬ್ಬದ ಸಂಖ್ಯೆ. ಏಲಿಕುಟ್ಟಿ ಎರಡು ವಾರ ಗೋಗರೆದಳು, ಗದರಿಸಿದಳು. ಅಪ್ಪನ ಹತ್ತಿರ ಹೇಳಿಕೊಂಡರೆ ಅವನ ಮುಖವೇ ಬಾಡಿತು. "ಮೂವತ್ತು ವರ್ಷ ನಾನು ಏಳಕ್ಕೆ ಇಳಿಸಿದ್ದು ಚಿಕ್ಕದಾಯ್ತಾ ಹಾಗಾದ್ರೆ?" ಎಂದ.

ಅಷ್ಟರಲ್ಲಿ ಅಧಿಕಾರಿ ಬರುವ ದಿನ ಗೊತ್ತಾಯಿತು. ನವೆಂಬರಿನ ಎರಡನೇ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ. ತೊಂದರೆ ಇದ್ದದ್ದು ಕರೆಂಟಿನದು. ಶಾಲೆಗೂ ಪಂಪಿಗೂ ಒಂದೇ ಕರೆಂಟಿನ ತಂತಿ. ಮೊದಮೊದಲು ಹೇಗೋ ನಡೆಯುತ್ತಿತ್ತು. ನೀರು ಆಳಕ್ಕಿಳಿದು ಮೋಟಾರಿಗೆ ಹೊರೆ ಹೆಚ್ಚಾದಂತೆ ಪ್ರೊಜೆಕ್ಟರಿನ ದೀಪ ಬೀಡಿಯ ತುದಿಯಷ್ಟಾಗಿತ್ತು. ಗುರುವಾರ ಪಂಪು ನಿಲ್ಲುವ ಹಾಗೂ ಇರಲಿಲ್ಲ. ಬಿತ್ತನೆ ಶುಕ್ರವಾರ ಬೆಳಿಗ್ಗೆ. ನೆನೆಸಿದ ಭತ್ತ ಚೀಲಗಳಲ್ಲಿ ಮೊಳಕೆ ಒಡೆದಾಗಿತ್ತು.

ಹಿಂದಿನ ಸಂಜೆ ಅವಳು ನಾಚಿಕೆ ಬಿಟ್ಟು ಅಪ್ಪನನ್ನು ಕೇಳಿದಳು. ಒಂದೇ ಒಂದು ಪೀರಿಯಡ್ಡು, ನಲವತ್ತು ನಿಮಿಷ. ಔಸೇಪ್ ಬೆಲ್ಟಿಗೆ ಮೇಣ ಉಜ್ಜುತ್ತಿದ್ದವನು ತಲೆ ಎತ್ತಲಿಲ್ಲ.

"ಮೊಳಕೆ ಬಂದ ಬೀಜಕ್ಕೆ ನಿನ್ನ ಶಾಲೆ ಗಂಟೆ ಕೇಳಿಸ್ತದಾ ಮೋಳೇ? ನೂರು ಮನೆ ಅನ್ನ ಇದು. ನಿಲ್ಲಿಸೋಕೆ ಇದೇನು ನನ್ನ ಅಪ್ಪನ ಪಂಪಾ?"

ಅವನು ಹೇಳಿದ್ದು ನ್ಯಾಯ. ಅವಳು ಮನೆಗೆ ಹೋಗಿ ನಾಳೆಯ ಹಾಳೆಗಳನ್ನು ಜೋಡಿಸಿಟ್ಟಳು.

ಗುರುವಾರ ಅಧಿಕಾರಿ ಹಿಂದಿನ ಬೆಂಚಿನಲ್ಲಿ ಕೂತರು. ಮಕ್ಕಳು ಕೊಡೆಗಳನ್ನು ಕಿಟಕಿಗೆ ಸಿಕ್ಕಿಸಿದರು. ಸ್ವಿಚ್ಚು ಒತ್ತಿದರೆ ದೀಪ ಕೆಂಪಗೆ ಉಸಿರಾಡಿತು, ಗೋಡೆಯ ಮೇಲೆ ಏನೂ ಇಲ್ಲ. ಹಿಂದಿನಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು. ಅಧಿಕಾರಿ ಏನೋ ಬರೆಯಲು ತೊಡಗಿದ್ದರು. ಏಲಿಕುಟ್ಟಿ ಸೀಮೆಸುಣ್ಣಕ್ಕೆ ಕೈ ಹಾಕುವಷ್ಟರಲ್ಲಿ ಇಡೀ ಊರು ಒಮ್ಮೆಲೇ ಮೌನವಾಯಿತು. ಒಂದು ತಿಂಗಳಿಂದ ಕಿವಿಯಲ್ಲೇ ಇದ್ದ ಪಂಪಿನ ಗುಡುಗು ನಿಂತಿತ್ತು. ಗೋಡೆಯ ಮೇಲೆ ಬೆಳಕು ಧಗ್ಗನೆ ಹರಡಿ, ಕಟ್ಟೆ, ಕೆಂಪು ಗೆರೆ, ನೀಲಿ ನೀರು ಎಲ್ಲ ಬಂದು ನಿಂತವು.

ಏನಾಯಿತೆಂದು ಯೋಚಿಸಲು ಪುರುಸೊತ್ತಿರಲಿಲ್ಲ. ಅವಳು ನೀರನ್ನು ಏಳಕ್ಕೆ ಇಳಿಸಿ, ಅದರ ಮೇಲೆ ಒಂದು ಕೊಕ್ಕರೆಯ ಹಾಳೆ ಇಟ್ಟಳು. ಕೊಕ್ಕರೆಯನ್ನು ಎರಡಕ್ಕೆ ಏರಿಸಿದಳು, ಏಳಕ್ಕೆ ಇಳಿಸಿದಳು, ಮತ್ತೆ ಏರಿಸಿದಳು. ಯಾವುದು ದೊಡ್ಡದು ಎಂದು ಕೇಳಲಿಲ್ಲ. ಏನು ಕಾಣ್ತದೆ ಹೇಳಿ ಎಂದಳಷ್ಟೇ. ಜಿಷ ಕೊಕ್ಕರೆಯ ಜೊತೆ ತಾನೂ ಬೆರಳನ್ನು ಏರಿಸಿ ಇಳಿಸಿ ನೋಡಿದಳು.

"ಟೀಚರೇ, ಏಳರಲ್ಲಿ ಔಸೇಪ್ ಅಪ್ಪಾಪ್ಪ ಮಾಡಿದ ಕೆಲಸ ಹೆಚ್ಚು," ಎಂದಳು ನಿಧಾನವಾಗಿ. "ಆದ್ರೆ ನೀರಿನ ಮಟ್ಟ ಕಮ್ಮಿ. ನೀವು ಕೇಳ್ತಿರೋದು ಕೆಲಸ ಅಲ್ಲ, ಮಟ್ಟ."

ಪುಸ್ತಕ ಬರೆದವರಿಗೂ ಅಷ್ಟು ಸ್ಪಷ್ಟವಾಗಿ ಹೇಳಲು ಬಂದಿರಲಿಲ್ಲ. ಅಧಿಕಾರಿ ಮೊದಲು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದರು. ಯಂತ್ರ ಉಳಿಯಿತು. ಗಂಟೆ ಹೊಡೆದ ಮೇಲೆ ಪಂಪೂ ಮತ್ತೆ ಗುಡುಗಿತು.

ಸಂಜೆ ಶೆಡ್ಡಿನ ಮುಂದೆ ಪಾಡದ ಸಮಿತಿಯವರೆಲ್ಲ ಸೇರಿದ್ದರು. ಏಳಕ್ಕೆ ಇನ್ನು ನಾಲ್ಕು ಬೆರಳಿರುವಾಗ ಬೆಲ್ಟು ಕಳಚಿತು ಎಂದು ಔಸೇಪ್ ತಲೆ ತಗ್ಗಿಸಿ ಹೇಳುತ್ತಿದ್ದ. ಬಿತ್ತನೆ ಅರ್ಧ ದಿನ ತಡವಾಯಿತು, ಬೆಳೆಗೆ ತೊಂದರೆಯಾಗಲಿಲ್ಲ. ಆದರೆ ಜನರ ಬಾಯಿಗೆ ಬೀಗ ಹಾಕುವವರು ಯಾರು? ಒಂದು ವಾರದಲ್ಲಿ ಅವನಿಗೆ ಬೆಲ್ಟ್ ಔಸೇಪ್ ಎಂದು ಹೆಸರಾಯಿತು. ಶೇಂದಿ ಅಂಗಡಿಗೆ ಹೋದರೆ, ಸೊಂಟದ ಬೆಲ್ಟು ಭದ್ರವಾಗಿದೆಯಾ ಎಂದು ಕೇಳುವವರು. ಅವನು ಅಂಗಡಿಗೆ ಹೋಗುವುದನ್ನೇ ಬಿಟ್ಟ.

ಏಲಿಕುಟ್ಟಿ ಪಂಪು ಪಾಠದ ಹೊತ್ತಿಗೇ ನಿಂತದ್ದನ್ನು ದೇವರ ದಯೆ ಎಂದುಕೊಂಡು ಇಗರ್ಜಿಯಲ್ಲಿ ಎರಡು ಮೇಣದಬತ್ತಿ ಹಚ್ಚಿಬಂದಿದ್ದಳು. ಮುಂದಿನ ವರ್ಷ ಪಂಪಿನ ಕಾಲ ಬಂದಾಗ ಅವಳೇ ಅಪ್ಪನಿಗೆ ಬುದ್ಧಿ ಹೇಳಿದಳು: ವಯಸ್ಸಾಯಿತು, ಕೈಯ ಹಿಡಿತ ಹೋಗಿದೆ, ಇನ್ನೊಮ್ಮೆ ಕಳಚಿದರೆ ಮಾನ ಹೋಗುತ್ತದೆ, ಸಾಕು. ಔಸೇಪ್ ತನ್ನ ಕೈಗಳನ್ನು ಒಮ್ಮೆ ನೋಡಿಕೊಂಡ. ಸರಿ ಎಂದು ಶೆಡ್ಡಿನ ಬೀಗದ ಕೈಯನ್ನು ಸಮಿತಿಗೆ ಕೊಟ್ಟು ಬಂದು, ಜಗಲಿಯಲ್ಲಿ ಬಲೆ ಹೆಣೆಯಲು ಕೂತ.

ಹದಿನೆಂಟು ವರ್ಷ ಹೀಗೇ ಹೋಯಿತು. ಪ್ರೊಜೆಕ್ಟರಿನ ದೀಪ ಎಂದೋ ಸುಟ್ಟುಹೋಗಿ ಬೀರುವಿನ ಮೇಲೇರಿತು. ಜಿಷಳ ಮಗನೇ ಈಗ ನಾಲ್ಕನೇ ಕ್ಲಾಸು. ಗೋಡೆಗೆ ಬೆರಳಿನಿಂದ ಬರೆಯುವ ದೊಡ್ಡ ಹಲಗೆ ಬಂತು, ಅದರ ಜೊತೆ ಬಿನೀಷ್ ಎಂಬ ಚುರುಕಿನ ಹುಡುಗ ಮೇಷ್ಟ್ರೂ ಬಂದ. ಏಲಿಕುಟ್ಟಿ ನಿವೃತ್ತಿಯಾಗುವ ವರ್ಷ ಅವನು ಪೂರ್ಣಾಂಕದ ಪಾಠಕ್ಕೆ ಅವಳನ್ನೂ ಕರೆದು ಕೂರಿಸಿಕೊಂಡ. ಹಲಗೆಯ ಮೇಲೆ ಲಿಫ್ಟು ಏರಿತು ಇಳಿಯಿತು, ಬಣ್ಣಬಣ್ಣದ ಮೀನು ಈಜಿತು. ಯಾವುದು ದೊಡ್ಡದು ಎಂದರೆ ತರಗತಿಯೆಲ್ಲ ಮೈನಸ್ ಏಳು ಎಂದಿತು. ಬಿನೀಷ್ ತಲೆ ಮೇಲೆ ಕೈ ಹೊತ್ತ. ಏಲಿಕುಟ್ಟಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನಾಳೆ ಒಂದು ಕೋಲು ತರುತ್ತೇನೆ ಇರು ಎಂದು ಅವನಿಗೆ ಹೇಳಿ ಮನೆಗೆ ಬಂದಳು.

ಕೋಲುಗಳೆಲ್ಲ ಅಟ್ಟದ ಮೇಲೆ ಕಟ್ಟುಕಟ್ಟಾಗಿದ್ದವು. ಔಸೇಪನ ಕೊನೆಯ ವರ್ಷದ ಕೋಲು ಎಲ್ಲಕ್ಕಿಂತ ಮೇಲಿತ್ತು. ಧೂಳೊರೆಸಿ ಬೆಳಕಿಗೆ ಹಿಡಿದಳು. ಕೆಂಪು ಗೆರೆಯಿಂದ ಕೆಳಕ್ಕೆ ನೇರ ಗೀಟುಗಳು, ಒಂದರ ಕೆಳಗೊಂದು. ಏಳಕ್ಕೆ ಇನ್ನು ನಾಲ್ಕು ಬೆರಳಿರುವ ಜಾಗಕ್ಕೆ ಬಂದಾಗ ಅವಳ ಬೆರಳು ನಿಂತಿತು. ಅಲ್ಲೊಂದು ಓರೆ ಗೀಟಿತ್ತು, ಆಳವಾಗಿ, ಅವಸರವಿಲ್ಲದೆ ಕೊರೆದದ್ದು. ಅದರಿಂದ ನಾಲ್ಕು ಬೆರಳು ಮೇಲೆ ಇನ್ನೊಂದು ಗೀಟು, ಪಂಪು ಮತ್ತೆ ಹೊರಟಾಗಿನದು. ಕಳಚಿದ ಬೆಲ್ಟಿಗೆ ಯಾರೂ ಮುಂಚಿತವಾಗಿ ಓರೆ ಗೀಟು ಹಾಕುವುದಿಲ್ಲ.

ಅವಳು ಅಲ್ಲೇ ಏಣಿಯ ಮೇಲೆ ಕೂತುಬಿಟ್ಟಳು. ಕೈಯ ಹಿಡಿತ ಹೋಗಿದೆ ಎಂದು ತಾನೇ ಅಂದಿದ್ದಳಲ್ಲ, ಆ ಕೈಗಳಿಗೇ.

ಔಸೇಪನಿಗೆ ಆಗ ಎಂಬತ್ತೆರಡು. ಕಣ್ಣು ಮಂಜಾಗಿತ್ತು, ಬೆರಳು ಮಾತ್ರ ಬಲೆಯ ಕಣ್ಣುಗಳಲ್ಲಿ ತಾವೇ ಓಡಾಡುತ್ತಿದ್ದವು. ಅವಳು ಕೋಲನ್ನು ಅವನ ಮಡಿಲಲ್ಲಿಟ್ಟು, ಅವನ ಹೆಬ್ಬೆರಳನ್ನು ಓರೆ ಗೀಟಿನ ಮೇಲಿರಿಸಿ ಇದೇನೆಂದು ಕೇಳಿದಳು. ಹೆಬ್ಬೆರಳು ಅಲ್ಲೇ ಬಹಳ ಹೊತ್ತು ಆಡಿತು.

"ಇಲಿ ಕಡಿದಿದೆ," ಎಂದ.

"ಇಲಿ ಓರೆಯಾಗಿ ಕಡಿಯುತ್ತಾ ಅಪ್ಪಚ್ಚಾ?"

ಅವಳು ಅವನ ಕಾಲ ಬಳಿ ಕೂತು, ಆ ವರ್ಷ ಪಂಪು ಬಿಡು ಎಂದದ್ದಕ್ಕೆ ಕ್ಷಮೆ ಕೇಳಿದಳು. ಅವನು ಅದನ್ನು ನೊಣ ಓಡಿಸಿದ ಹಾಗೆ ಕೈ ಬೀಸಿ ಓಡಿಸಿದ. ಆಮೇಲೆ, ಹದಿನೆಂಟು ವರ್ಷ ಬಾಯಿಗೆ ತಾರದ ಪ್ರಶ್ನೆಯೊಂದನ್ನು ಮೆಲ್ಲಗೆ ಕೇಳಿದ.

"ಆವತ್ತು ಬೆಳಕು ಚೆನ್ನಾಗಿ ಬಂದಿತ್ತಾ ಮೋಳೇ?"

"ಬಂದಿತ್ತು ಅಪ್ಪಚ್ಚಾ. ಗೋಡೆ ತುಂಬ ಬಂದಿತ್ತು."

ಔಸೇಪ್ ತಲೆಯಾಡಿಸಿ ಕೋಲನ್ನು ಅವಳ ಕೈಗೆ ವಾಪಸು ಕೊಟ್ಟ.

"ಹಾಗಾದ್ರೆ ಬಿಡು. ಏಳು ಚಿಕ್ಕದೇ ಇರ್ಲಿ."