ಒನೀಟಾಳ ನೋವಾ ಕಾರಿಗೆ ಹೊಂದುವ ಎಂಜಿನ್

ಎಂಜಿನ್ ಕಟ್ಟಿಸಲು ಬಂದವರನ್ನು ವರ್ಲಿನ್ ಸ್ಟಿಡಮ್ ಕೂರಿಸಿ ಮೊದಲು ಕೇಳುತ್ತಿದ್ದದ್ದು ಒಂದೇ ಮಾತು: "ನಿಜ ಹೇಳು, ಈ ಕಾರು ರಸ್ತೆ ಮೇಲೆ ಎಷ್ಟು ಓಡುತ್ತೆ, ಸ್ಟ್ರಿಪ್‌ನಲ್ಲಿ ಎಷ್ಟು?" ಸ್ಟ್ರಿಪ್ ಎಂದರೆ ಊರಾಚೆ ಮೆಕ್ಕೆಜೋಳದ ಹೊಲಗಳ ನಡುವಿನ ಕಾಲು ಮೈಲಿ ನೇರ ಡಾಂಬರು. ಶನಿವಾರ ಅಲ್ಲಿ ಎರಡೆರಡು ಕಾರುಗಳು ಪಕ್ಕಪಕ್ಕ ನಿಂತು ಜಿದ್ದಿಗೆ ಬೀಳುತ್ತವೆ. ದಕ್ಷಿಣ ಇಂಡಿಯಾನಾದ ಆ ಊರಿನಲ್ಲಿ ಈ ಪ್ರಶ್ನೆಗೆ ನಿಜ ಹೇಳಿದ ಗಂಡಸು ಇನ್ನೂ ಹುಟ್ಟಿರಲಿಲ್ಲ. ಚರ್ಚಿಗೆ, ದಿನಸಿಗೆ ಓಡಾಡುವ ಕಾರಿಗೂ ಎಲ್ಲರಿಗೂ ದೊಡ್ಡ ಕ್ಯಾಮೇ ಬೇಕು. ಎಂಜಿನ್ನಿನ ವಾಲ್ವುಗಳನ್ನು ಎತ್ತಿ ಇಳಿಸುವ ಆ ದಂಡ ದೊಡ್ಡದಾದಷ್ಟೂ, ನಿಂತ ಕಾರು ಗುಡುಗುಡು ಎಂದು ಮೈ ಕುಣಿಸುತ್ತದೆ, ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಾರೆ.

"ಸದ್ದು ಬೇಕಾದ್ರೆ ಹೋಗಿ ಡ್ರಮ್ ತಗೋ," ಎಂದು ವರ್ಲಿನ್ ರೇಗುತ್ತಿದ್ದ. "ಕ್ಯಾಮ್ ಒಂದು ಕೇಳುತ್ತೆ, ಕಾರ್ಬುರೇಟರ್ ಇನ್ನೊಂದು ಕೊಡುತ್ತೆ, ಗೇರಿಗೆ ಎರಡೂ ಬೇಡ. ಹಂಗಾದ್ರೆ ಕಾರು ಕೆಮ್ಮುತ್ತೆ, ಓಡಲ್ಲ." ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ನಮ್ಮ ಗಾದೆ ಅವನಿಗೆ ಗೊತ್ತಿದ್ದರೆ ಗ್ಯಾರೇಜಿನ ಬಾಗಿಲ ಮೇಲೇ ಬರೆಸಿಬಿಡುತ್ತಿದ್ದನೇನೋ.

ಅವನ ಹೆಂಡತಿ ಒನೀಟಾ ಹರೆಯದಲ್ಲಿ ನೀಲಿ ನೋವಾ ಕಾರಿನಲ್ಲಿ ಆ ಸ್ಟ್ರಿಪ್‌ನ ಗಂಡಸರನ್ನೆಲ್ಲ ಅಟ್ಟಾಡಿಸಿದವಳು. ಸೋತವರಲ್ಲಿ ವರ್ಲಿನ್ನೂ ಒಬ್ಬ. "ಉಳಿದೋರು ಸೋತು ಮನೆಗೆ ಹೋದ್ರು, ಭಾವ ಮಾತ್ರ ಸೋತು ನಮ್ಮನೆಗೇ ಬಂದ," ಎಂದು ಅವಳ ತಮ್ಮ ಹಾರ್ಲನ್ ಹಬ್ಬದೂಟಕ್ಕೆ ಕೂತಾಗಲೆಲ್ಲ ಕಿಚಾಯಿಸುತ್ತಿದ್ದ. ಆಮೇಲೆ ಸಂಸಾರದ ಗಡಿಬಿಡಿಯಲ್ಲಿ ನೋವಾ ಕೊಟ್ಟಿಗೆ ಸೇರಿತು, ಅದರ ಎಂಜಿನ್ ಯಾರದೋ ಪಾಲಾಯಿತು.

ಅರವತ್ತರ ಹತ್ತಿರ ಬರುತ್ತಿದ್ದಂತೆ ಒನೀಟಾಳ ಕೈಯಿಂದ ಕಾಫಿ ಲೋಟ ಜಾರತೊಡಗಿತು. ನರಗಳ ಕಾಯಿಲೆ, ಮೊದಲು ಕೈ, ಆಮೇಲೆ ಕಾಲು, ಕೊನೆಗೆ ಉಸಿರು ಎಂದು ಲೂಯಿವಿಲ್‌ನ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು.

"ನೋವಾನ ಎಬ್ಬಿಸು, ವರ್ಲಿನ್," ಎಂದಳು ಒನೀಟಾ ವಾಪಸು ಬರುವ ದಾರಿಯಲ್ಲಿ. "ಕೈ ಹೋಗೋದ್ರೊಳಗೆ ಒಂದ್ಸಲ ನಾನೇ ಓಡಿಸ್ಬೇಕು."

ಅವನು ಬೇರೆಯವರ ಕೆಲಸಗಳನ್ನೆಲ್ಲ ಬದಿಗೊತ್ತಿ ಬೇಸಿಗೆಯಿಡೀ ಅದರ ಮೇಲೇ ಬಿದ್ದ. ಹೆಚ್ಚು ಒತ್ತಡಕ್ಕೆ ಪಿಸ್ಟನ್ನು, ಸಿಲಿಂಡರ್ ಮೇಲೆ ಕೂರುವ ಅಗಲ ಬಾಯಿಯ ಹೆಡ್ಡುಗಳು, ಅದಕ್ಕೆ ತಕ್ಕ ಕಾರ್ಬುರೇಟರ್, ತನ್ನ ಕೈಯಿಂದ ಯಾರಿಗೂ ಹಾಕಿಕೊಡದಂಥ ದೊಡ್ಡ ಕ್ಯಾಮ್. ಒಂದಕ್ಕೊಂದು ಅಚ್ಚುಕಟ್ಟಾಗಿ ಹೊಂದಿದವು. ಹೊಂದದೆ ಉಳಿದದ್ದು ಒನೀಟಾಗೆ ಮಾತ್ರ. ಕೆಲಸಕ್ಕೆ ನಿಂತಾಗಲೆಲ್ಲ ಅವನ ಕಣ್ಣ ಮುಂದೆ ಇದ್ದವಳು ಹರೆಯದ ಹುಡುಗಿ, ಒಳಗೆ ಅಡುಗೆಮನೆಯಲ್ಲಿ ಎರಡೂ ಕೈಯಲ್ಲಿ ಲೋಟ ಹಿಡಿಯುತ್ತಿದ್ದ ಹೆಂಗಸಲ್ಲ.

ಹಾರ್ಲನ್ ಒಮ್ಮೆ ಇಣುಕಿ ನೋಡಿ, "ಭಾವ, ಇದು ಅಕ್ಕನ ಕೈಲಿ ಆಗುತ್ತಾ?" ಎಂದ.

"ನಿಮ್ಮಕ್ಕ ಯಾರು ಅಂತ ಮರೆತುಹೋಯ್ತೇನೋ ನಿಂಗೆ?" ಎಂದು ವರ್ಲಿನ್ ಅವನ ಬಾಯಿ ಮುಚ್ಚಿಸಿದ.

ಅಕ್ಟೋಬರಿನಲ್ಲಿ ಎಂಜಿನ್ ಚಾಲೂ ಆಯಿತು. ಆ ಗುಡುಗಿಗೆ ಅಕ್ಕಪಕ್ಕದವರು ಹೊರಗೆ ಬಂದು ನಿಂತರು. ಒನೀಟಾ ನಗುತ್ತಲೇ ಹತ್ತಿ ಕೂತಳು. ಗೇರಿಗೆ ಹಾಕಿದ್ದೇ ತಡ, ಕಾರು ಮುಂದಕ್ಕೆ ನೆಗೆಯಿತು. ಅವಳು ಬ್ರೇಕ್ ತುಳಿದಳು; ಅದು ಕಲ್ಲಾಗಿತ್ತು. ಆ ಕಾರಿನ ಬ್ರೇಕು ಮೆತ್ತಗಾಗುವುದು ಎಂಜಿನ್ ಗಾಳಿ ಎಳೆದುಕೊಳ್ಳುವ ಬಲದಿಂದ. ಅಷ್ಟು ದೊಡ್ಡ ಕ್ಯಾಮ್ ಹಾಕಿದರೆ ಆ ಬಲ ಇರುವುದಿಲ್ಲ, ಪೂರ್ತಿ ಕಾಲಿನ ಕಸುವಿನಿಂದಲೇ ಒತ್ತಬೇಕು. ಊರ ಹುಡುಗರಿಗೆಲ್ಲ ಇದನ್ನೇ ಹೇಳಿ ಹೇಳಿ ವರ್ಲಿನ್ ಗಂಟಲು ಹರಿದುಕೊಂಡಿದ್ದ. ಕಾರು ಅಂಗಳ ದಾಟಿ ಬೇಲಿಗೆ ಗುದ್ದಿ ನಿಂತಿತು.

"ಏಟಾಯ್ತೇನೇ?" ಎಂದು ಅವನು ಓಡಿಬಂದ.

ಒನೀಟಾ ಸ್ಟಿಯರಿಂಗಿಗೆ ಹಣೆಯಿಟ್ಟುಕೊಂಡು ಅಳುತ್ತಿದ್ದಳು. "ನದಿ ದಂಡೆ ರಸ್ತೇಲಿ, ಕಿಟಕಿ ಇಳಿಸ್ಕೊಂಡು, ಟೆಲ್ ಸಿಟಿವರೆಗೂ ಹೋಗಿ ಬರ್ಬೇಕು ಅಂತಿದ್ದೆ. ಅಷ್ಟೇ. ರೇಸ್ ಯಾರಿಗೆ ಬೇಕಿತ್ತೋ, ಮುದುಕಾ? ಊರೋರನ್ನೆಲ್ಲ ಕೂರಿಸಿ ಕೇಳ್ತೀಯಲ್ಲ, ನನ್ನ ಕೇಳಿದ್ಯಾ?"

ಇಲ್ಲ, ಕೇಳಿರಲಿಲ್ಲ.

ಮರುದಿನವೇ ಎಂಜಿನ್ ಬಿಚ್ಚಿದ. ಆದರೆ ಚಿಕ್ಕ ಕ್ಯಾಮ್ ಒಂದನ್ನೇ ಇಟ್ಟು ಕೈತೊಳೆದುಕೊಳ್ಳುವ ಹಾಗಿರಲಿಲ್ಲ. ಚಿಕ್ಕ ಕ್ಯಾಮಿಗೆ ಆ ಪಿಸ್ಟನ್ನು ಒಗ್ಗುವುದಿಲ್ಲ, ಎಂಜಿನ್ ಒಳಗೊಳಗೇ ಬಡಿದುಕೊಳ್ಳುತ್ತದೆ. ಆ ಹೆಡ್ಡುಗಳೂ ಆಗುವುದಿಲ್ಲ, ಕಾರ್ಬುರೇಟರ್ ಕೂಡ, ಗೇರ್ ಕೂಡ. ಒಂದು ಬದಲಾದರೆ ಎಲ್ಲವೂ ಬದಲಾಗಬೇಕು. ಲೇತಿನ ಕೆಲಸಕ್ಕೆ ಸರದಿ ಕಾಯಬೇಕು. ಹಿಮ ಬಿತ್ತು. ಹೊರಗೆ ವರ್ಲಿನ್ ಬೆರಳು ಮರಗಟ್ಟಿಸಿಕೊಂಡು ಒಂದೊಂದೇ ಭಾಗ ಕೂಡಿಸುತ್ತಿದ್ದರೆ, ಒಳಗೆ ಒನೀಟಾಗೆ ಗುಂಡಿ ಹಾಕಿಕೊಳ್ಳಲು ಆಗದಾಯಿತು, ಆಮೇಲೆ ಚಮಚ ಹಿಡಿಯಲೂ ಆಗದಾಯಿತು. ಬೀನ್ಸ್ ಕಾಳಿನ ಸೂಪಿಗೆ ಮೆಕ್ಕೆಜೋಳದ ರೊಟ್ಟಿ ನೆನೆಸಿ ಅವನೇ ತಿನ್ನಿಸುತ್ತಿದ್ದ. ಮೊದಮೊದಲು ಅವಳು "ಎಲ್ಲಿಗೆ ಬಂತು ಕೆಲಸ?" ಎನ್ನುತ್ತಿದ್ದಳು. ಆಮೇಲೆ ಕೇಳುವುದನ್ನೇ ಬಿಟ್ಟಳು. ಅವನಿಗೆ ಅದೇ ಹೆಚ್ಚು ಭಯವಾಯಿತು.

ಏಪ್ರಿಲ್‌ನಲ್ಲಿ ಮುಗಿಯಿತು. ಎಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿತ್ತು, ಬ್ರೇಕಿಗೆ ಹೆಬ್ಬೆರಳು ಸಾಕು. ಹಾರ್ಲನ್ ಅಕ್ಕನನ್ನು ಎತ್ತಿಕೊಂಡು ಬಂದು ಸ್ಟಿಯರಿಂಗಿನ ಮುಂದೆ ಕೂರಿಸಿದ. ಅವಳ ಕೈ ಚಕ್ರದ ಮೇಲೆ ಬಿದ್ದಿತ್ತು, ಬೆರಳುಗಳು ಮಡಚಿಕೊಳ್ಳಲಿಲ್ಲ. ವರ್ಲಿನ್ ತನ್ನ ಕೈಯಿಂದ ಒಂದೊಂದೇ ಬೆರಳು ಮಡಚಿ ಹಿಡಿಸಿದ. ಬಿಟ್ಟ ಕೂಡಲೇ ಕೈ ಜಾರಿ ತೊಡೆಯ ಮೇಲೆ ಬಿತ್ತು.

"ಸಾಕು ಬಿಡು," ಎಂದಳು. "ನನ್ನ ಆ ಕಡೆ ಕೂರಿಸಿ, ನೀನೇ ಓಡಿಸು."

ಒಹಾಯೊ ನದಿ ತುಂಬಿ ಹರಿಯುತ್ತಿತ್ತು. ಕಿಟಕಿ ಇಳಿಸಿದ್ದರು. ದಾರಿಯುದ್ದಕ್ಕೂ ಅವಳ ಮುಖದ ಮೇಲೆ ಕೂದಲು ಹಾರುತ್ತಿತ್ತು, ಅವನು ಆಗಾಗ ಸರಿಸುತ್ತಿದ್ದ. ಟೆಲ್ ಸಿಟಿಯ ಕೆಂಪು ದೀಪದಲ್ಲಿ ಕಾರು ಸದ್ದಿಲ್ಲದೆ ನಿಂತಿತು.

"ಚೆನ್ನಾಗಿ ಕೂಡಿಸಿದೀಯ ಕಣೋ," ಎಂದಳು ಒನೀಟಾ. "ಅಕ್ಟೋಬರಲ್ಲೇ ಹಿಂಗಿದ್ದಿದ್ರೆ ನಾನೇ ಓಡಿಸ್ತಿದ್ದೆ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ವರ್ಲಿನ್ ಹೇಗೋ ತಡೆದುಕೊಳ್ಳುತ್ತಿದ್ದ. ಹಿಂದಿನ ಗಾಡಿಯವನು ಹಾರ್ನ್ ಹೊಡೆದ ಮೇಲೆಯೇ ದೀಪ ಹಸಿರಾಗಿದ್ದು ಅವನಿಗೆ ಕಂಡಿತು.